ಉಪ್ಪು ನೋಡಿದವನು

ಊಟದ ಬಗ್ಗೆ ನನಗೆ ಬೇಕಾದಷ್ಟು ಅಭಿಪ್ರಾಯಗಳಿದ್ದವು. ಆಲೂಗಡ್ಡೆಯ ಸಿಪ್ಪೆ ಸುಲಿದು ಬೇಯಿಸುವವರನ್ನು ಕಂಡರೆ ನನಗಾಗುತ್ತಿರಲಿಲ್ಲ. ಮೊಟ್ಟೆಯನ್ನು ಕಲ್ಲಾಗುವ ತನಕ ಕುದಿಸುವವರಿಗೆ ಕೋಳಿಯ ಶಾಪ ತಟ್ಟಲಿ ಎನ್ನುತ್ತಿದ್ದೆ. ಸೂಪಿನ ಬಟ್ಟಲಿಗಿಂತ ಅದರ ಕೆಳಗಿನ ತಟ್ಟೆಯೇ ಚೆಂದವಾಗಿದ್ದರೆ ಆ ಅಂಗಡಿಗೆ ಮತ್ತೆ ಕಾಲಿಡುತ್ತಿರಲಿಲ್ಲ. ಈಗ ಒಂದೇ ಒಂದು ಅಭಿಪ್ರಾಯವೂ ಉಳಿದಿಲ್ಲ. ಆದರೂ ಬರೆಯಬೇಕಾಗಿದೆ. ನನ್ನ ಅಕ್ಕನ ಬದುಕನ್ನು ಹೇಳಲು ಹೊರಟರೆ ಊಟವನ್ನು ಬಿಟ್ಟು ಹೇಳಲು ಬರುವುದಿಲ್ಲ, ನನ್ನ ಬಾಯಿ ಚಪಲವನ್ನು ಬಿಟ್ಟಂತೂ ಸಾಧ್ಯವೇ ಇಲ್ಲ.

ಅಕ್ಕ ಒಂದು ದೊಡ್ಡ ಆಸ್ಪತ್ರೆಯ ಅಡುಗೆಮನೆಯಲ್ಲಿ ಇಪ್ಪತ್ತಮೂರು ವರ್ಷ ಸೌಟು ಹಿಡಿದವಳು. ಕಟ್ಟಡದ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕದಲ್ಲಿ ಆ ಅಡುಗೆಮನೆ. ಸೊಂಟದ ಎತ್ತರದವರೆಗೆ ಬಿಳಿ ಟೈಲು, ಅದರ ಮೇಲೆ ಹಬೆ ಕುಡಿದು ಉಬ್ಬಿದ ಗೋಡೆ. ಮೂರು ದೊಡ್ಡ ಒಲೆಗಳು, ಇಬ್ಬರು ಸೇರಿ ಎತ್ತಬೇಕಾದ ಪಾತ್ರೆಗಳು, ಹಿತ್ತಲಿಗೆ ತೆರೆಯುವ ಸರಳಿನ ಕಿಟಕಿ ಒಂದು. ಬೆಳಿಗ್ಗೆ ಏಳೂವರೆಗೆ ಇನ್ನೂರು ಮಂದಿಗೆ ತರಕಾರಿ ಗಂಜಿ ಹೊರಡಬೇಕು, ಹಾಗಾಗಿ ಐದಕ್ಕೇ ಒಲೆ ಹಚ್ಚುತ್ತಿದ್ದಳು. ಎತ್ತರ ಐದಡಿಗೆ ಎರಡು ಬೆರಳು ಕಡಿಮೆ. ದೊಡ್ಡ ಪಾತ್ರೆ ಕಲಕಬೇಕಾದರೆ ಒಂದು ಮರದ ಹಲಗೆ ಹತ್ತಿ ನಿಲ್ಲುವಳು. “ನಾನೇನಾದ್ರೂ ಇದ್ರೊಳಗೆ ಬಿದ್ರೆ ಇವ್ರು ನನ್ನನ್ನೂ ಸೇರಿಸಿ ಬಡಿಸಿಬಿಡ್ತಾರೆ” ಎಂದು ನಗುತ್ತಿದ್ದಳು.

ನಾನು ಮೀಟರ್ ನೋಡುವವನು. ಬೀದಿ ಬೀದಿ ಅಲೆದು, ಗೋಡೆಗೆ ಹೊಡೆದ ಪೆಟ್ಟಿಗೆಯೊಳಗೆ ಕಣ್ಣು ಹಾಯಿಸಿ, ಕರೆಂಟಿನ ಅಂಕಿ ಬರೆದುಕೊಂಡು ಹೋಗುವ ಕೆಲಸ. ಮನೆಯವರು ಕರೆಯುವುದೂ ಹಾಗೆಯೇ: “ಮೀಟರ್ ಬಂದ ನೋಡ್ರೀ.” ಈ ಪೆಟ್ಟಿಗೆಗಳು ಬಹಳಷ್ಟು ಕಡೆ ಅಡುಗೆಮನೆಯ ಹೊರಗೋಡೆಯಲ್ಲೇ ಇರುವುದರಿಂದ ಊರಿನ ಯಾವ ಮನೆಯಲ್ಲಿ ಎಷ್ಟು ಗಂಟೆಗೆ ಏನು ಬೇಯುತ್ತದೆ ಎನ್ನುವುದು ನನಗೆ ಬಾಯಿಪಾಠವಾಗಿತ್ತು. ಇನ್ನೊಂದು ಮಾತನ್ನೂ ಈಗಲೇ ಒಪ್ಪಿಕೊಂಡುಬಿಡುತ್ತೇನೆ. ನಾಯಿ ಇರುವ ಮನೆಗಳಲ್ಲಿ ನಾನು ಗೇಟು ದಾಟುತ್ತಿರಲಿಲ್ಲ. ಹೋದ ತಿಂಗಳ ಅಂಕಿಗೆ ಅಂದಾಜಿನ ಮೇಲೆ ಇಷ್ಟು ಸೇರಿಸಿ ಬರೆದು, “ನೋಡ್ದೆ, ನೋಡ್ದೆ” ಎಂದು ಕೂಗಿ ಮುಂದಿನ ಮನೆಗೆ ನಡೆಯುತ್ತಿದ್ದೆ. ನಮ್ಮ ಕಸುಬಿನಲ್ಲಿ ಎಲ್ಲರೂ ಮಾಡುವುದೇ. ಅದರಿಂದ ಯಾರೂ ಸತ್ತಿರಲಿಲ್ಲ.

ಅಲೆದಾಟದಲ್ಲಿ ಎಲ್ಲಾದರೂ ಹೊಸ ರುಚಿ ಸಿಕ್ಕಿದರೆ ನೇರ ಅಕ್ಕನ ಹತ್ತಿರ ಹೋಗುತ್ತಿದ್ದೆ. ಮರ ಕೊಯ್ಯುವ ಮಿಲ್ಲಿನ ಹಿಂದೆ ಒಬ್ಬಳು ಅಜ್ಜಿ ಬೀನ್ಸ್ ಬೀಜದ ಸೂಪು ಮಾರುತ್ತಿದ್ದಳು. ಕುಡಿದವನು ಎರಡು ಮೈಲಿ ನಡೆದ ಮೇಲೂ ತುಟಿ ನೆಕ್ಕಿಕೊಳ್ಳಬೇಕು, ಅಂಥದ್ದು. ನಾನು ಅದನ್ನು ಹೊಗಳುತ್ತಿದ್ದರೆ ಅಕ್ಕ ನ್ಯಾಯಾಲಯದ ವಕೀಲಳ ಹಾಗೆ ಪ್ರಶ್ನೆಗೆ ಕೂತಳು. ಈರುಳ್ಳಿ ಮೊದಲು ಹಾಕಿದರಾ, ಆಮೇಲಾ? ಬೀಜದ ಸಿಪ್ಪೆ ಬಾಯಿಗೆ ಸಿಕ್ಕಿತಾ? ಬಣ್ಣ ಕಂದೋ, ಕೆಂಪೋ? ತಳ ಹಿಡಿದ ವಾಸನೆ ಇತ್ತಾ? “ಸ್ವಲ್ಪ ಸುಟ್ಟ ವಾಸನೆ ಇತ್ತು, ಆದ್ರೆ ತಳ ಹಿಡಿದದ್ದಲ್ಲ” ಅಂದೆ. “ಹಾಗಾದ್ರೆ ಅರ್ಧ ಈರುಳ್ಳಿ ನೇರ ಬೆಂಕಿಗೆ ಹಿಡಿದು ಕಪ್ಪು ಮಾಡಿ ಹಾಕಿದ್ದಾಳೆ ಬಿಡು. ಉಪ್ಪು ಕೊನೇಗೆ, ಬೀಜ ಮೆತ್ತಗಾದ್ಮೇಲೆ” ಎಂದಳು. ಭಾನುವಾರ ಮಾಡಿ ಬಡಿಸಿದಳು. ಅದೇ ಸೂಪು, ಅಜ್ಜಿ ಬಂದರೂ ಗುರುತು ಹಿಡಿಯಬೇಕು. ಹೀಗೆ ಕಂಡುಕೊಂಡದ್ದನ್ನು ಅವಳು ಬಚ್ಚಿಟ್ಟವಳಲ್ಲ. ಕಿಟಕಿಯ ಬಳಿ ಬಂದು ಕೇಳಿದ ನರ್ಸುಗಳಿಗೆ, ರೋಗಿಗಳ ಮನೆಯವರಿಗೆ, ಬಟ್ಟೆ ಒಗೆಯುವವರಿಗೆ, ಒಂದನ್ನೂ ನುಂಗಿಕೊಳ್ಳದೆ ಪೂರ್ತಿ ಹೇಳುತ್ತಿದ್ದಳು.

ಭಾವ ಸಿಟಿ ಬಸ್ಸಿನ ಡ್ರೈವರು. ಮಾತುಗಾರ, ತಿಂಡಿಪೋತ, ನನ್ನ ಗುರು. ಯಾವ ಸ್ಟಾಪಿನಲ್ಲಿ ಎರಡು ನಿಮಿಷ ಹೆಚ್ಚು ನಿಲ್ಲಿಸಿದರೆ ಏನು ಸಿಗುತ್ತದೆ ಎಂದು ತಿಳಿದವರು. ಐವತ್ತೇಳನೇ ವಯಸ್ಸಿಗೆ ಅವರ ಕಾಲು ಊದಿಕೊಂಡಿತು. ಕ್ಲಚ್ಚು ಒತ್ತಲು ಆಗುತ್ತಿಲ್ಲ ಎಂದು ತೋರಿಸಲು ಹೋದರೆ ಡಾಕ್ಟರು ಹೃದಯ ಸೋತಿದೆ ಎಂದರು. ಅಂದಿನಿಂದ ಉಪ್ಪು ಬಂದ್. ಒಂದು ವರ್ಷದಲ್ಲಿ ನಾಲ್ಕು ಸಲ ಅಕ್ಕನ ಆಸ್ಪತ್ರೆಯಲ್ಲೇ ಮಲಗಿದರು, ಎರಡನೇ ಮಹಡಿಯಲ್ಲಿ. ಅಲ್ಲಿ ಹದಿನಾಲ್ಕು ಮಂಚ, ಎಲ್ಲರೂ ಉಪ್ಪು ಬಿಟ್ಟವರೇ. ಆಸ್ಪತ್ರೆಯ ದಾಖಲೆಯಲ್ಲಿ ಅದಕ್ಕೆ ಏನೋ ಉದ್ದ ಹೆಸರಿತ್ತು. ಜನ ಕರೆಯುತ್ತಿದ್ದುದು ಸಪ್ಪೆ ವಾರ್ಡು ಎಂದು. ಅಲ್ಲಿಂದ ವಾಪಸು ಬರುವ ತಟ್ಟೆಗಳಲ್ಲಿ ಅರ್ಧಕ್ಕರ್ಧ ಹಾಗೇ ಉಳಿದಿರುತ್ತಿತ್ತು. ಭಾವ ಆ ಗಂಜಿಗೆ ‘ಒದ್ದೆ ಬಟ್ಟೆ’ ಎಂದು ಹೆಸರಿಟ್ಟಿದ್ದರು. “ನಿಮ್ಮಕ್ಕ ಇವತ್ತು ಒದ್ದೆ ಬಟ್ಟೆಗೆ ಕ್ಯಾರೆಟ್ ಹಾಕಿದ್ಲು ಕಣೋ, ಬಣ್ಣ ಬಿಡ್ತು, ರುಚಿ ಬಿಡ್ಲಿಲ್ಲ.”

ಸಂಜೆ ನಾಲ್ಕಕ್ಕೆ ನೋಡಲು ಬಿಡುತ್ತಿದ್ದರು. ನಾನು ಹೋಗಿ ಸ್ಟೂಲಿನ ಮೇಲೆ ಕೂತರೆ ಸಾಕು, ಭಾವ ಕಣ್ಣು ಮುಚ್ಚಿ ಹೊಟ್ಟೆಯ ಮೇಲೆ ಕೈ ಜೋಡಿಸಿಕೊಳ್ಳುವರು. “ಹೂಂ, ಶುರು ಮಾಡು. ಇವತ್ತೇನು ತಿಂದೆ?” ನಾನು ಉಪ್ಪು ಖಾರ ಹಚ್ಚಿ ಹೇಳುತ್ತಿದ್ದೆ. ಆ ಮಾತನ್ನು ಈಗ ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದೇನೆ. ಅದೇ ಮಾತು, ಬೇರೆ ಇಲ್ಲ. ಹುರಿದ ಮೀನಿನ ಅಂಚು ಎಷ್ಟು ಗರಿಗರಿ, ಎಣ್ಣೆ ಯಾವ ಬೆರಳಿನವರೆಗೆ ಇಳಿಯಿತು, ಪಕ್ಕದವನು ಹೇಗೆ ಹೊಟ್ಟೆಕಿಚ್ಚಿನಿಂದ ನೋಡಿದ, ಎಲ್ಲ ಹೇಳಬೇಕು. ಕೆಲವು ದಿನ ನಾನೇನೂ ತಿಂದಿರುತ್ತಿರಲಿಲ್ಲ, ಕಟ್ಟಿ ಹೇಳುತ್ತಿದ್ದೆ. ಭಾವನಿಗೆ ತಕ್ಷಣ ಗೊತ್ತಾಗುತ್ತಿತ್ತು. “ಇದು ಬರೀ ಬಾಯಿಮಾತು ಕಣೋ. ತಿಂದು ಬಾ. ನೀನು ತಿನ್ನು, ನಾನು ಕೇಳ್ತೀನಿ” ಎನ್ನುವರು. ಆಮೇಲೆ ಸುತ್ತ ಒಮ್ಮೆ ನೋಡಿ, ದನಿ ತಗ್ಗಿಸಿ, “ಒಂದೇ ಒಂದು ಹರಳು ಉಪ್ಪು ತಂದು ಕೊಡೋ, ನಾಲಿಗೆ ಕೆಳಗಿಟ್ಕೊಂಡು ಸುಮ್ನಿರ್ತೀನಿ” ಎನ್ನುವರು. ಬಸ್ಸಿನ ತುಂಬ ಜನರನ್ನು ಗದರಿಸಿ ಹಿಂದಕ್ಕೆ ಸರಿಸುತ್ತಿದ್ದ ಮನುಷ್ಯ ಹಾಗೆ ಕೇಳುವಾಗ ನನಗೆ ಮುಖ ಎತ್ತಲು ಆಗುತ್ತಿರಲಿಲ್ಲ. ಕೊಡಲಿಲ್ಲ ಮಾತ್ರ. ಒಂದು ಹರಳನ್ನೂ ಕೊಡಲಿಲ್ಲ.

ಇದರ ಮಧ್ಯೆ ಅಕ್ಕನಿಗೆ ಒಂದು ಜ್ವರ ಬಂತು. ಎಲ್ಲರಿಗೂ ಬರುವಂಥ ಜ್ವರ, ಆರು ದಿನದಲ್ಲಿ ಇಳಿಯಿತು. ಇಳಿಯುವಾಗ ಅವಳ ಮೂಗು ಮತ್ತು ನಾಲಿಗೆ ಎರಡನ್ನೂ ಕೊಂಡೊಯ್ದಿತು. ನಿಂಬೆಹಣ್ಣು ಕಚ್ಚಿದರೆ ಒದ್ದೆ ಎಂದಷ್ಟೇ ಗೊತ್ತಾಗುತ್ತಿತ್ತು. ವಾರದಲ್ಲಿ ಸರಿಹೋಗುತ್ತದೆ ಎಂದುಕೊಂಡಳು. ತಿಂಗಳಾಯಿತು. ಮೂರು ತಿಂಗಳಾಯಿತು. ಈ ವಿಷಯ ತಿಳಿದಿದ್ದು ನನಗೊಬ್ಬನಿಗೆ. ನಾಲಿಗೆಯಿಲ್ಲದ ಅಡುಗೆಯವಳನ್ನು ಯಾರು ಇಟ್ಟುಕೊಳ್ಳುತ್ತಾರೆ? ಕೆಲಸ ಹೋದರೆ ಭಾವನ ಮಂಚವೂ ಹೋಗುತ್ತಿತ್ತು. ಅಲ್ಲಿ ಕೆಲಸ ಮಾಡುವವರ ಮನೆಯವರಿಗೆಂದೇ ಕೊಟ್ಟ ಮಂಚ ಅದು. “ಇಪ್ಪತ್ತಮೂರು ವರ್ಷ ಕೈಗೆ ಅಭ್ಯಾಸ ಆಗಿದೆ, ನಾಲಿಗೆ ಯಾಕೆ ಬೇಕು?” ಎಂದು ನನ್ನ ಮುಂದೆ ಜಂಬ ಕೊಚ್ಚಿದಳು. ಅದೇ ಸಂಜೆ ಸಿಂಕಿನ ಬಳಿ ನಿಂತು, ಬೆನ್ನು ತಿರುಗಿಸಿಕೊಂಡು ಅತ್ತಳು. “ರುಚಿ ನೋಡು ಅಂತಾರಲ್ಲ, ಇನ್ಮೇಲೆ ನಾನು ನಿಜವಾಗ್ಲೂ ಬರೀ ನೋಡ್ತೀನಿ ಕಣೋ” ಎಂದಳು. ಅಳುವಾಗಲೂ ತಮಾಷೆ ಬಿಡದ ಜೀವ.

ಅದಕ್ಕೇ ಒಂದು ಏರ್ಪಾಡು ಮಾಡಿಕೊಂಡೆವು. ಆಸ್ಪತ್ರೆಯ ಮೀಟರ್ ಪೆಟ್ಟಿಗೆ ಅಡುಗೆಮನೆಯ ಕಿಟಕಿಯ ಪಕ್ಕದಲ್ಲೇ ಇತ್ತು. ಬೆಳಿಗ್ಗೆ ಆರೂವರೆಗೆ ನಾನು ಚೀಲ ಹೆಗಲಿಗೆ ಹಾಕಿಕೊಂಡು ಅಲ್ಲಿ ನಿಲ್ಲುವುದು. ಮೀಟರಿನವನು ಮೀಟರಿನ ಬಳಿ ನಿಂತರೆ ಯಾರು ಕೇಳುತ್ತಾರೆ? ಸರಳಿನ ಸಂದಿಯಿಂದ ಅವಳು ಎರಡು ಚಮಚ ಚಾಚುವಳು. ಒಂದು ದೊಡ್ಡ ಪಾತ್ರೆಯದು, ಒಂದು ಚಿಕ್ಕ ಪಾತ್ರೆಯದು. ಅವಳ ಕ್ರಮ ಹೀಗೆ. ಗಂಜಿಯೆಲ್ಲ ದೊಡ್ಡ ಪಾತ್ರೆಯಲ್ಲೇ ಬೇಯುವುದು, ಉಪ್ಪು ಹಾಕುವ ಮೊದಲು ಸಪ್ಪೆ ವಾರ್ಡಿಗೆ ಬೇಕಾದಷ್ಟನ್ನು ಚಿಕ್ಕ ಪಾತ್ರೆಗೆ ತೆಗೆಯುವುದು, ಆಮೇಲೆ ದೊಡ್ಡದಕ್ಕೆ ಹಿಡಿಯಿಂದ ಉಪ್ಪು. “ಮೊದ್ಲು ತೆಗಿ, ಆಮೇಲೆ ಹಾಕು” ಎಂದು ಸಹಾಯಕರಿಗೆಲ್ಲ ಪಾಠ ಮಾಡಿದ್ದಳು. ನಾನು ಎರಡನ್ನೂ ಬಾಯಿಗೆ ಹಾಕಿ ತಲೆಯಾಡಿಸುವುದು. “ನೋಡ್ದ್ಯಾ?” “ನೋಡ್ದೆ.” ಐದು ತಿಂಗಳು ಹೀಗೇ ನಡೆಯಿತು. ನಾನು ಒಂದು ದಿನವೂ ತಪ್ಪಿಸಲಿಲ್ಲ.

ಆ ದಿನವೂ ತಪ್ಪಿಸಲಿಲ್ಲ.

ಹಿಂದಿನ ಸಂಜೆ ಭಾವ ತುಂಬ ಸಪ್ಪಗಿದ್ದರು. ನಾನು ಹೇಳಿದ್ದೆಲ್ಲ ಹಳೆಯದಾಯಿತು ಎಂದು ಗೊಣಗಿದರು. “ಗಡಿಯಾರದ ವೃತ್ತದ ಹತ್ರ ಹೊಸ ಬೇಕರಿ ಬಂದಿದೆಯಂತೆ. ನಸುಕಿಗೇ ಒಲೆಯಿಂದ ತೆಗೀತಾರಂತೆ, ಒಳಗೆ ಬೆಣ್ಣೆ, ಬೆಳ್ಳುಳ್ಳಿ ತುಂಬಿದ ರೊಟ್ಟಿ. ಪಕ್ಕದ ಮಂಚದವನ ಮಗ ಹೇಳ್ದ. ನಾಳೆ ಬಿಸಿಬಿಸಿ ತಿಂದು ಬಂದು ಹೇಳೋ” ಎಂದರು. ಹಾಗಾಗಿ ಬೆಳಿಗ್ಗೆ ಆರಕ್ಕೆ ನಾನು ಆ ಬೇಕರಿಯ ಮುಂದೆ ಇದ್ದೆ. ಸಾಲು ಇತ್ತು. ರೊಟ್ಟಿ ಕೈಗೆ ಬರುವಾಗ ಆರೂ ಇಪ್ಪತ್ತು. ಆರಲು ಬಿಡುವಷ್ಟು ಹೊತ್ತಿರಲಿಲ್ಲ, ಆರಲು ಬಿಡುವ ಸಹನೆಯೂ ನನಗೆ ಯಾವತ್ತೂ ಇರಲಿಲ್ಲ. ನಡೆಯುತ್ತ ಕಚ್ಚಿದೆ. ಒಳಗಿನ ಬೆಣ್ಣೆ ಕುದಿಯುತ್ತಿತ್ತು. ನಾಲಿಗೆ, ಅಂಗುಳ, ಕೆಳತುಟಿ ಮೂರೂ ಸುಟ್ಟುಹೋದವು. ಉಗುಳಬಹುದಿತ್ತು. ಉಗುಳಲಿಲ್ಲ. ಅಷ್ಟು ಚೆನ್ನಾಗಿತ್ತು.

ಕಿಟಕಿಗೆ ಬಂದಾಗ ಆರೂ ನಲವತ್ತು. ಅಕ್ಕ ಹಲಗೆಯಿಂದ ಇಳಿದು ಬಂದಳು. ಹಣೆಯಲ್ಲಿ ಬೆವರು. ಅವಳ ಮೊಣಕೈಗೆ ತಾಗುವಂತೆ ಉಗ್ರಾಣದವನು ಒಂದು ಪಟ್ಟಿ ಹಿಡಿದು ನಿಂತಿದ್ದ. ಅಲ್ಲಿ ಏನು ನಡೆದಿತ್ತು ಎಂದು ನನಗೆ ತಿಳಿದದ್ದು ಆಮೇಲೆ. ಅವಳು ದೊಡ್ಡ ಪಾತ್ರೆಯ ಮುಂದೆ ನಿಂತಿದ್ದಾಗ ಉಗ್ರಾಣದವನು ಒಳಗೆ ಕರೆದಿದ್ದ, ಬೇಳೆಯ ಚೀಲದಲ್ಲಿ ಹುಳು ಕಂಡಿದೆ, ಬಂದು ನೋಡು ಎಂದು. ಅವಳು ಹೋಗಿ ಹತ್ತು ನಿಮಿಷ ಬೇಳೆ ಜಾಲಾಡಿ, ವಾಪಸು ಬಂದು, ಅಭ್ಯಾಸದ ಮೇಲೆ ಚಿಕ್ಕ ಪಾತ್ರೆಗೆ ಗಂಜಿ ತೆಗೆದಿದ್ದಳು. ಆಮೇಲೆ ಉಪ್ಪಿನ ಡಬ್ಬಕ್ಕೆ ಕೈ ಹಾಕಿದವಳಿಗೆ ಅನುಮಾನ ಬಂತು: ಒಳಗೆ ಹೋಗುವ ಮುಂಚೆಯೇ ಹಾಕಿದ್ದೆನೋ ಏನೋ? ನಾಲಿಗೆ ಇದ್ದವಳಾಗಿದ್ದರೆ ಒಂದು ಹನಿ ಸಾಕಿತ್ತು. ಉಗ್ರಾಣದವನು ಪಕ್ಕದಲ್ಲಿದ್ದನಾದ್ದರಿಂದ ನನಗೆ ಬಾಯಿಬಿಟ್ಟು ಹೇಳಲೂ ಆಗಲಿಲ್ಲ. ಒಂದೇ ಚಮಚ ಚಾಚಿದಳು. “ಚಿಕ್ಕದ್ದು. ಸರಿಯಾಗಿ ನೋಡು” ಎಂದಳು.

ಚಮಚದಿಂದ ಹಬೆ ಏಳುತ್ತಿತ್ತು. ನನ್ನ ಬಾಯೊಳಗೆ ಚರ್ಮ ಜೋತಾಡುತ್ತಿತ್ತು. ಆ ಬಿಸಿಯನ್ನು ಮತ್ತೆ ಆ ಗಾಯದ ಮೇಲೆ ಸುರಿದುಕೊಳ್ಳಲು ಜೀವ ಒಪ್ಪಲಿಲ್ಲ. ಚಮಚವನ್ನು ತುಟಿಯ ಹತ್ತಿರ ತಂದೆ. ಗಂಜಿ ಬೆಳ್ಳಗಿತ್ತು, ತೆಳ್ಳಗಿತ್ತು, ಎರಡು ಚೂರು ಕ್ಯಾರೆಟ್ಟು ಇದ್ದವು. ಐದು ತಿಂಗಳಿಂದ ಯಾವತ್ತೂ ಹಾಗೇ ಇತ್ತು. ಅವಳು ಉಗ್ರಾಣದವನ ಕಡೆ ತಿರುಗಿದ ಕ್ಷಣದಲ್ಲಿ ಅದನ್ನು ಹಿತ್ತಲಿನ ಚರಂಡಿಗೆ ಚೆಲ್ಲಿದೆ.

“ನೋಡ್ದ್ಯಾ?”

“ನೋಡ್ದೆ. ಸಪ್ಪೆ.”

ನಾಯಿ ಇರುವ ಮನೆಯ ಗೇಟಿನಲ್ಲಿ ಹೇಳಿದಷ್ಟೇ ಸಲೀಸಾಗಿ ಹೇಳಿದೆ. ಅಕ್ಕ ನನ್ನ ಮುಖವನ್ನೇ ಒಂದು ಗಳಿಗೆ ದಿಟ್ಟಿಸಿದಳು. ಆಮೇಲೆ ಹೋಗಿ, ಹಲಗೆ ಹತ್ತಿ, ದೊಡ್ಡ ಪಾತ್ರೆಗೆ ಉಪ್ಪು ಹಾಕಿದಳು. ಎರಡನೆಯ ಸಲ.

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ನೀರು ಮುಕ್ಕಳಿಸುತ್ತಿದ್ದೆ. ಎಂಟೂ ಕಾಲರ ಹೊತ್ತಿಗೆ ಕೆಳಗಿನ ವಾರ್ಡಿನಿಂದ ಒಬ್ಬ ಬಂದು ಬಾಗಿಲಲ್ಲಿ ಕೂಗಾಡಿದ: “ಏನಮ್ಮಾ ಇದು, ಸಮುದ್ರದ ನೀರಲ್ಲಿ ಬೇಯಿಸಿದ್ದೀಯಾ? ಬಾಯಿಗಿಡಕ್ಕಾಗಲ್ಲ.” ಅಕ್ಕ ಅವನಿಗೆ ಏನೋ ಸಮಜಾಯಿಷಿ ಹೇಳುತ್ತಿದ್ದಳು. ಅಷ್ಟರಲ್ಲಿ ಎರಡನೇ ಮಹಡಿಯಿಂದ ಗಾಡಿ ತಳ್ಳುವ ಹೆಂಗಸು ಬಂದಳು. ಮುಖ ಅರಳಿತ್ತು. “ಏನು ಮಂತ್ರ ಹಾಕಿದ್ರಿ ಇವತ್ತು? ಹದಿನಾಲ್ಕು ತಟ್ಟೇಲಿ ಒಂದರಲ್ಲೂ ಒಂದು ಅಗುಳಿಲ್ಲ. ನಿಮ್ಮೆಜಮಾನ್ರಂತೂ ಇನ್ನೊಂದ್ಸಲ ಹಾಕಿಸ್ಕೊಂಡ್ರು. ತಟ್ಟೆ ಬೆರಳಲ್ಲಿ ಬಳಿದ್ರು. ಇವತ್ತು ಬಹಳ ಚೆನ್ನಾಗಿತ್ತು ಅಂತ ಅವಳಿಗೆ ಹೇಳು ಅಂದ್ರು.”

ಸಪ್ಪೆ ವಾರ್ಡಿನಿಂದ ಇಪ್ಪತ್ತಮೂರು ವರ್ಷಗಳಲ್ಲಿ ಬಂದ ಮೊದಲ ಹೊಗಳಿಕೆ ಅದು. ಅಕ್ಕ ಗಾಡಿಯ ಮೇಲಿನ ಖಾಲಿ ತಟ್ಟೆಗಳನ್ನು ನೋಡಿದಳು. ಬಾಗಿಲಲ್ಲಿ ಕೂಗಾಡುತ್ತಿದ್ದವನನ್ನು ನೋಡಿದಳು. ಕಿಟಕಿಯಾಚೆ ಎದ್ದು ನಿಂತಿದ್ದ ನನ್ನನ್ನು ನೋಡಿದಳು. ಕೆಳಗೆ ಉಪ್ಪು ಹೆಚ್ಚು, ಮೇಲೆ ರುಚಿ ಹೆಚ್ಚು. ಎರಡೂ ಒಟ್ಟಿಗೆ ನಿಜವಾಗಬೇಕಾದರೆ ಒಂದೇ ದಾರಿ. ಅವಳ ಕೈಯಿಂದ ಸೌಟು ಬಿತ್ತು.

ಅವಳು ಆ ಹೊತ್ತಿನಲ್ಲಿ ಸುಮ್ಮನಿದ್ದುಬಿಡಬಹುದಿತ್ತು. ಗಂಜಿ ಹೊಟ್ಟೆ ಸೇರಿತ್ತು, ಪಾತ್ರೆ ತೊಳೆಯುವ ಸಿಂಕಿಗೆ ಬಂದಿತ್ತು, ಸಾಕ್ಷಿ ಹೇಳಲು ಚರಂಡಿಯೊಂದೇ ಇತ್ತು. ಅವಳು ಓಡಿದಳು. ಚಪ್ಪಲಿ ಬಿಟ್ಟು, ಏಪ್ರನ್ ಕಟ್ಟಿಕೊಂಡೇ, ಎರಡು ಮಹಡಿ ಮೆಟ್ಟಿಲು ಹತ್ತಿ. ನಾನು ಹಿಂದೆಯೇ ಓಡಿದೆ. ವಾರ್ಡಿನ ಬಾಗಿಲಲ್ಲೇ ನರ್ಸಿನ ಎರಡೂ ಕೈ ಹಿಡಿದು, “ಗಂಜಿಗೆ ಉಪ್ಪು ಬಿದ್ದಿದೆ. ಎಲ್ರಿಗೂ. ನಂದೇ ತಪ್ಪು. ಬೇಗ ಏನಾದ್ರೂ ಮಾಡಿ” ಎಂದಳು. ಆಮೇಲೆ ಒಬ್ಬರ ಹಿಂದೊಬ್ಬರು ಡಾಕ್ಟರು ಬಂದರು, ಸೂಜಿ ಬಂತು, ತೂಕದ ಯಂತ್ರ ಬಂತು. ನಾನು ಗೋಡೆಗೆ ಅಂಟಿಕೊಂಡು ನಿಂತಿದ್ದೆ.

ಭಾವ ದಿಂಬಿಗೆ ಒರಗಿ ಕೂತಿದ್ದರು. ಒಂದು ವರ್ಷದಲ್ಲಿ ಆ ಮುಖದಲ್ಲಿ ಅಷ್ಟು ತೃಪ್ತಿಯನ್ನು ನಾನು ನೋಡಿರಲಿಲ್ಲ. “ಬಾರೋ ಬಾರೋ” ಎಂದರು. “ರೊಟ್ಟಿ ಹೇಗಿತ್ತು?” ನಾನು ಸುಟ್ಟ ತುಟಿಯನ್ನು ಅಂಗೈಯಿಂದ ಮುಚ್ಚಿಕೊಂಡೆ. “ಇರ್ಲಿ, ಸಂಜೆ ಹೇಳು. ಇವತ್ತು ನಂದೇ ಹೇಳ್ಬೇಕು ನಿಂಗೆ. ಮೊದಲನೇ ತುತ್ತಿಗೇ ಗೊತ್ತಾಯ್ತು ಕಣೋ, ಏನೋ ಎಡವಟ್ಟಾಗಿದೆ ಅಂತ. ಹೇಳ್ಬೇಕಿತ್ತು. ಹೇಳ್ಲಿಲ್ಲ. ಹೇಳಿದ್ರೆ ತಟ್ಟೆ ಕಿತ್ಕೋತಾರಲ್ಲ” ಎಂದು ಕಣ್ಣು ಮಿಟುಕಿಸಿದರು. ತಾನು ಕದ್ದು ತಿಂದೆ ಎಂಬ ಖುಷಿ ಅವರದು. ಅಕ್ಕ ಅವರ ಕಾಲ ಬಳಿ ನಿಂತು, ಊದಿದ ಪಾದವನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಿದ್ದಳು. ಗುಳಿ ಬಿದ್ದ ಜಾಗ ಮೇಲೇಳುತ್ತಿರಲಿಲ್ಲ.

ಸಂಜೆ ರೊಟ್ಟಿಯ ಕತೆ ಹೇಳಲು ಆಗಲಿಲ್ಲ. ಮಧ್ಯಾಹ್ನದಿಂದಲೇ ಅವರ ಉಸಿರಿನಲ್ಲಿ ನೀರಿನ ಸದ್ದು ಶುರುವಾಗಿತ್ತು. ಮಾರನೆಯ ದಿನ ಮಾತು ನಿಂತಿತು. ಮೂರನೆಯ ದಿನ ಬೆಳಿಗ್ಗೆ, ಗಂಜಿ ಹಂಚುವ ಹೊತ್ತಿಗೆ, ಉಸಿರೂ ನಿಂತಿತು. ಉಳಿದ ಹದಿಮೂರು ಜನ ಬದುಕಿಕೊಂಡರು. ಅದು ಸಮಾಧಾನ ಆಗಬೇಕಿತ್ತು. ನಾನು ಡಾಕ್ಟರನ್ನು ಕಾರಿಡಾರಿನಲ್ಲಿ ಅಡ್ಡಗಟ್ಟಿ ಕೇಳಿದೆ: “ಉಪ್ಪಿನಿಂದಲೇನಾ?” ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಅವರ ಹೃದಯ ಮೊದ್ಲೇ ಸೋತಿತ್ತು. ಇದರಿಂದಾನೇ ಅಂತ ಹೇಳಕ್ಕಾಗಲ್ಲ. ಇದರಿಂದ ಅಲ್ಲ ಅಂತಾನೂ ಹೇಳಕ್ಕಾಗಲ್ಲ” ಎಂದರು. ಇದಕ್ಕಿಂತ ಬೈದಿದ್ದರೆ, ಕೆನ್ನೆಗೆ ಹೊಡೆದಿದ್ದರೆ ಚೆನ್ನಾಗಿತ್ತು.

ಒಂಬತ್ತು ದಿನದ ಮೇಲೆ ವಿಚಾರಣೆ. ಒಂದು ಉದ್ದ ಮೇಜು, ಮೂವರು ಅಧಿಕಾರಿಗಳು. ನಾನು ಅಕ್ಕನ ಜೊತೆಗೆ ಬಂದವನು ಎಂದು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂರಿಸಿದರು. ಮಧ್ಯದವರು ಕೇಳಿದರು, “ಬಡಿಸೋ ಮುಂಚೆ ಉಪ್ಪು ನೋಡಿದ್ದು ಯಾರು?” ಈ ಪ್ರಶ್ನೆಗೆ ನಾನು ಎದ್ದು ನಿಲ್ಲಬೇಕಿತ್ತು. ಒಂಬತ್ತು ದಿನವೂ ಅದನ್ನೇ ಅಭ್ಯಾಸ ಮಾಡಿದ್ದೆ. ಕುರ್ಚಿಯಿಂದ ಎರಡು ಬೆರಳು ಮೇಲೆದ್ದೆ ಕೂಡ.

“ನಾನೇ ನೋಡ್ದೆ” ಎಂದಳು ಅಕ್ಕ.

ನಾನು ಮತ್ತೆ ಕೂತೆ.

ಅವರು ಎರಡು ಲೋಟ ನೀರು ತರಿಸಿದರು. ಒಂದಕ್ಕೆ ಉಪ್ಪು ಬೆರೆಸಿದ್ದರು, ಯಾವುದು ಎಂದು ಹೇಳಲಿಲ್ಲ. ಕುಡಿದು ನೋಡು ಎಂದರು. ಅಕ್ಕ ಎರಡರಿಂದಲೂ ಒಂದೊಂದು ಗುಟುಕು ಕುಡಿದಳು. ಮಕ್ಕಳು ಪಾಠ ಮರೆತಾಗ ನಿಲ್ಲುವ ಹಾಗೆ ನಿಂತಳು. ಆಮೇಲೆ ಎರಡೂ ಲೋಟವನ್ನು ಬೆಳಕಿಗೆ ಹಿಡಿದು, ಯಾವುದರ ತಳದಲ್ಲಿ ಹರಳು ಉಳಿದಿದೆಯೋ ಎಂದು ಹುಡುಕಿದಳು. ಅಷ್ಟು ತಿಂಗಳು ಯಾರಿಗೂ ತೋರಿಸದೆ ಮುಚ್ಚಿಟ್ಟದ್ದನ್ನು ಅಲ್ಲಿ ಎಲ್ಲರೂ ಕಂಡರು. “ನಂಗೆ ಗೊತ್ತಾಗಲ್ಲ ಸಾರ್” ಎಂದು ಲೋಟಗಳನ್ನು ಮೇಜಿನ ಮೇಲಿಟ್ಟಳು. ಕೆಲಸ ಅಲ್ಲಿಗೆ ಮುಗಿಯಿತು. ಹಲಗೆಯನ್ನು ಮಾತ್ರ ತೆಗೆದುಕೊಂಡು ಹೋಗುತ್ತೇನೆ ಎಂದು ಕೇಳಿದಳು. ಅದು ಆಸ್ಪತ್ರೆಯ ಸಾಮಾನು ಎಂದರು.

ಈಗ ಅವಳು ನನ್ನ ಮನೆಯಲ್ಲಿದ್ದಾಳೆ. ಒಂದು ಕೋಣೆ, ಒಂದು ಅಡುಗೆಮನೆ. ಬೆಳಿಗ್ಗೆ ಐದಕ್ಕೇ ಏಳುತ್ತಾಳೆ, ಹಚ್ಚಲು ದೊಡ್ಡ ಒಲೆಯಿಲ್ಲದೆ ಕಿಟಕಿಯ ಬಳಿ ಕೂತಿರುತ್ತಾಳೆ. ಅವಳು ನನ್ನನ್ನು ಒಂದು ಮಾತೂ ಕೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ‘ಹೊಟ್ಟೆಗೆ ಹಾಕ್ಕೋ ಅಕ್ಕಾ’ ಎಂಬ ಮಾತು ದಿನಕ್ಕೆ ಹತ್ತು ಸಲ ಗಂಟಲವರೆಗೆ ಬಂದು ಅಲ್ಲೇ ಕೂರುತ್ತಿತ್ತು. ನಾಯಿ ಇರುವ ಮನೆಗಳಿಗೂ ಈಗ ಒಳಗೆ ಹೋಗಿ ಮೀಟರ್ ನೋಡುತ್ತೇನೆ. ಎರಡು ಸಲ ಕಚ್ಚಿಸಿಕೊಂಡೆ. ಅದರಿಂದ ಯಾವ ಉಪಯೋಗವೂ ಆಗಲಿಲ್ಲ. ಗಡಿಯಾರದ ವೃತ್ತದ ಕಡೆಯ ಬೀದಿಗಳನ್ನು ಬೇರೆಯವನಿಗೆ ಬಿಟ್ಟುಕೊಟ್ಟೆ. ಮಿಲ್ಲಿನ ಹಿಂದಿನ ಅಜ್ಜಿ ಒಮ್ಮೆ ಕೈ ಬೀಸಿ ಕರೆದಳು, ಕೇಳಿಸದವನಂತೆ ನಡೆದೆ.

ಭಾವ ಹೋಗಿ ನಾಲ್ಕು ತಿಂಗಳಾಗಿತ್ತು. ಹೋದ ಭಾನುವಾರ ಅಕ್ಕ ಮೊದಲ ಸಲ ತರಕಾರಿ ಗಂಜಿ ಮಾಡಿದಳು. ಅಲ್ಲಿಯವರೆಗೆ ಅವಳೂ ಮಾಡಿರಲಿಲ್ಲ, ನಾನೂ ಕೇಳಿರಲಿಲ್ಲ. ಚಿಕ್ಕ ಪಾತ್ರೆ, ಇಬ್ಬರಿಗಾಗುವಷ್ಟು. ಒಂದು ಚಮಚ ನನ್ನ ಕಡೆ ಚಾಚಿ, ಒಲೆಯತ್ತ ತಿರುಗಿಕೊಂಡಳು.

“ಉಪ್ಪು ನೋಡು.”

ನಾನು ಚಮಚ ಹಿಡಿದು ನಿಂತೆ. ಬೆಳ್ಳಗಿತ್ತು, ತೆಳ್ಳಗಿತ್ತು, ಕ್ಯಾರೆಟ್ಟು ಇತ್ತು. ಬಾಯಿಗೆ ಹೋಗಲಿಲ್ಲ.

“ನೋಡ್ದೆ” ಎಂದೆ.

“ಕಣ್ಣಲ್ಲಾ, ನಾಲಿಗೇಲಾ?”

ಅವಳು ತಿರುಗಿ ನೋಡಿರಲಿಲ್ಲ. ಪಾತ್ರೆಯನ್ನು ಕಲಕುತ್ತಲೇ ಕೇಳಿದಳು, ಈರುಳ್ಳಿ ಮೊದಲಾ ಆಮೇಲಾ ಎಂದು ಕೇಳುತ್ತಿದ್ದ ಅದೇ ದನಿಯಲ್ಲಿ. ನಾನು ಚಮಚವನ್ನು ಕಟ್ಟೆಯ ಮೇಲಿಟ್ಟೆ. ಬೇಕರಿ, ಸಾಲು, ಕುದಿಯುವ ಬೆಣ್ಣೆ, ಚರಂಡಿ, ಎಲ್ಲವನ್ನೂ ಹೇಳಿದೆ. ಈ ಸಲ ಉಪ್ಪು ಖಾರ ಹಚ್ಚದೆ ಹೇಳಿದೆ. “ಬಾಯಿ ಸುಟ್ಟಿತ್ತು ಅಕ್ಕಾ” ಎಂದಾಗ ನನ್ನ ದನಿ ನನಗೇ ಅಸಹ್ಯವಾಯಿತು.

ಅವಳು ಒಲೆ ಆರಿಸಿದಳು.

“ಗೊತ್ತು. ನಿನ್ನ ಕೆಳತುಟಿ ಬೊಬ್ಬೆ ಎದ್ದಿತ್ತು. ಇವನಿಗೆ ಇವತ್ತು ರುಚಿ ಗೊತ್ತಾಗಲ್ಲ ಅಂತ ಅನ್ನಿಸ್ತು. ಇನ್ನೊಂದ್ಸಲ ಕೇಳೋಣ ಅಂದ್ಕೊಂಡೆ. ಹೊತ್ತಾಗಿತ್ತು, ಉಗ್ರಾಣದವನು ಬೇರೆ ಪಕ್ಕದಲ್ಲೇ ನಿಂತಿದ್ದ.” ಸೌಟನ್ನು ಪಾತ್ರೆಯ ಅಂಚಿಗೆ ಒರಗಿಸಿಟ್ಟಳು. “ನಾನೂ ನೋಡ್ದೆ ಕಣೋ.”

ಆಮೇಲೆ ಇನ್ನೊಂದು ಚಮಚ ತುಂಬಿ, ಊದಿ ಆರಿಸಿ, ನನ್ನ ಬಾಯಿಯ ಮುಂದೆ ಹಿಡಿದಳು. ನಾಲಿಗೆಯ ಮೇಲೆ ಇಟ್ಟುಕೊಂಡೆ. ಉಪ್ಪಿರಲಿಲ್ಲ. ಇಲ್ಲ ಎಂದು ಹೇಳಿದೆ. ಉಪ್ಪಿನ ಡಬ್ಬ ಅವಳ ಕೈಗೆ ಎಟಕುವಷ್ಟು ಹತ್ತಿರದಲ್ಲೇ ಇತ್ತು. ಅವಳು ಅದನ್ನು ಮುಟ್ಟದೆ ಎರಡು ತಟ್ಟೆಗೆ ಗಂಜಿ ಬಡಿಸಿದಳು, ಮತ್ತು ನಾವಿಬ್ಬರೂ ಹಾಗೇ ತಿಂದೆವು.